ಬೆಳಗಿನ ಐದರ ಹಾಲು ನಿನ್ನೆಯ ಲೆಕ್ಕಕ್ಕೆ ಏಕೆ ಹೋಯಿತು?

ಓದುಗರ ಪ್ರಶ್ನೆ, ನಮ್ಮ ಉತ್ತರ: ಕಂಪ್ಯೂಟರ್ ಕಲಿಕೆ

ಕೋಡಿಂಗ್ ಕೋರ್ಸಿನ ಕೊನೆಗೆ ಒಂದು ಸಣ್ಣ ವೆಬ್ ಆ್ಯಪ್ ಕಟ್ಟಿ ಒಪ್ಪಿಸುವುದು ಈಗ ಎಲ್ಲೆಡೆ ರೂಢಿಯಾಗಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಬಾರಿ ಅದರ ಕುರಿತೇ ಇರುವುದರಿಂದ, ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು ಇವುಗಳಿಗೆ ಮಾತ್ರ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ಜಮಖಂಡಿ ಹತ್ತಿರದ ಹಳ್ಳಿ. ಅಪ್ಪ ಎಮ್ಮೆ ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕುತ್ತಾರೆ. ಬಿಸಿಎ ಓದುತ್ತಿರುವ ನಾನು ಕೋಡಿಂಗ್ ಕೋರ್ಸಿನ ಪ್ರಾಜೆಕ್ಟಿಗೆಂದು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಬಳಸಿ ಅವರಿಗೆ ಹಾಲಿನ ಲೆಕ್ಕದ ಆ್ಯಪ್ ಮಾಡಿಕೊಟ್ಟೆ. ತರಗತಿಯಲ್ಲಿ ತೋರಿಸಿದಾಗ ಎಲ್ಲವೂ ಸರಿಯಾಗಿತ್ತು. ಅಪ್ಪ ಬಳಸತೊಡಗಿದ ಮೇಲೆ ಬೆಳಿಗ್ಗೆ ಬರೆದ ಹಾಲು ಹಿಂದಿನ ದಿನಕ್ಕೆ ಸೇರುತ್ತಿದೆ, “ಇವತ್ತಿನ ಹಾಲು ನಿನ್ನಿ ತಾರೀಖಿಗೆ ಯಾಕ ಹೋತು?” ಎಂದು ಅವರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಬೆಳಿಗ್ಗೆ ಒಂದೂವರೆ ಲೀಟರ್, ಸಂಜೆ ಒಂದು ಲೀಟರ್ ಎಂದು ತುಂಬಿದರೆ ಲೀಟರಿಗೆ 60 ರೂಪಾಯಿಯಂತೆ 150 ಬರುವ ಬದಲು 90.6 ಬರುತ್ತದೆ. ಒಂದು ಸಾಲು ಅಳಿಸಿದರೂ ಕೆಳಗಿನ ಮೊತ್ತ ಕೆಲವೊಮ್ಮೆ ಹಾಗೆಯೇ ಉಳಿಯುತ್ತದೆ. ಕೋಡ್ ಜೊತೆಗೆ ಕಳಿಸಿದ್ದೇನೆ, ದಯವಿಟ್ಟು ನೋಡಿ ತಿಳಿಸಿ.

ಉತ್ತರ: ಮೊದಲು ತಾರೀಖಿನ ವಿಷಯ. ಇಂದಿನ ದಿನಾಂಕ ಪಡೆಯಲು ನೀವು ‘ಟು ಐಎಸ್‌ಒ ಸ್ಟ್ರಿಂಗ್’ ಎಂಬ ವಿಧಾನವನ್ನು ಕರೆದು, ಅದು ಕೊಟ್ಟ ಪಠ್ಯದ ಮೊದಲ ಹತ್ತು ಅಕ್ಷರಗಳನ್ನು ಕತ್ತರಿಸಿ ಇಟ್ಟುಕೊಂಡಿದ್ದೀರಿ. ಪಾಠದ ವಿಡಿಯೊಗಳಲ್ಲಿಯೂ ಎಐ ಬರೆದುಕೊಡುವ ಕೋಡಿನಲ್ಲಿಯೂ ಪದೇ ಪದೇ ಕಾಣಸಿಗುವ ಸಾಲು ಇದಾದ್ದರಿಂದ ನಿಮಗೆ ಅನುಮಾನ ಬಾರದಿದ್ದುದು ಸಹಜವೇ. ಆದರೆ ಆ ವಿಧಾನವು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದ ಪ್ರಕಾರ ದಿನಾಂಕವನ್ನು ಕೊಡುತ್ತದೆ, ಮತ್ತು ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದಿದೆ. ನಿಮ್ಮ ತಂದೆಯವರು ಬೆಳಿಗ್ಗೆ 5 ಗಂಟೆಗೆ ಹಾಲು ಬರೆಯುವಾಗ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನದ ರಾತ್ರಿ 11.30 ಆಗಿರುತ್ತದೆ. ಹೀಗಾಗಿ ನಡುರಾತ್ರಿಯಿಂದ ಬೆಳಗಿನ 5.30ರವರೆಗೆ ಆ್ಯಪ್ ನಿನ್ನೆಯ ತಾರೀಖನ್ನೇ ಹಾಕುತ್ತದೆ, 5.30 ದಾಟಿದ ಕೂಡಲೇ ಸರಿಹೋಗುತ್ತದೆ. ತರಗತಿ ನಡೆಯುವುದು ಹಗಲಿನಲ್ಲಿ. ಅಲ್ಲಿ ಎಷ್ಟು ಸಲ ಪರೀಕ್ಷಿಸಿದ್ದರೂ ಈ ದೋಷ ಕೈಗೆ ಸಿಗುತ್ತಿರಲಿಲ್ಲ.

ತಾರೀಖು ಒಂದು ದಿನ ಹಿಂದೆ ಬಿದ್ದರೇನು, ಒಟ್ಟು ಲೆಕ್ಕ ಅಷ್ಟೇ ಅಲ್ಲವೇ ಎಂದು ಬಿಡುವಂತಿಲ್ಲ. ತಂದೆಯವರು ಸೋಮವಾರ ತಡವಾಗಿ 5.45ಕ್ಕೆ ಬರೆದರೆ ಅದು ಸೋಮವಾರಕ್ಕೇ ಸೇರುತ್ತದೆ, ಮಂಗಳವಾರ ಎಂದಿನಂತೆ ಐದಕ್ಕೆ ಬರೆದದ್ದೂ ಸೋಮವಾರಕ್ಕೇ ಸೇರುತ್ತದೆ. ನಿಮ್ಮ ಕೋಡು ಒಂದು ಮನೆಗೆ ಒಂದು ತಾರೀಖಿಗೆ ಒಂದೇ ದಾಖಲೆ ಇಡುವುದರಿಂದ ಮೊದಲು ಬರೆದ ಬೆಳಗಿನ ಹಾಲು ಯಾರಿಗೂ ತಿಳಿಯದಂತೆ ಅಳಿದುಹೋಗುತ್ತದೆ. ಇನ್ನು ಒಂದನೇ ತಾರೀಖಿನ ಬೆಳಗಿನ ಹಾಲು, ಆಗಲೇ ಕೂಡಿಸಿ ಗಿರಾಕಿಗೆ ಹೇಳಿಬಿಟ್ಟ ಹಿಂದಿನ ತಿಂಗಳ ಲೆಕ್ಕದೊಳಗೆ ಹೋಗಿ ಕೂರುತ್ತದೆ. ಪರಿಹಾರ ಸುಲಭವಿದೆ. ‘ಗೆಟ್ ಫುಲ್ ಇಯರ್’, ‘ಗೆಟ್ ಮಂತ್’, ‘ಗೆಟ್ ಡೇಟ್’ ಈ ಮೂರೂ ಸಾಧನದ ಸ್ಥಳೀಯ ಸಮಯವನ್ನೇ ಅನುಸರಿಸುತ್ತವೆ. ಇವುಗಳಿಂದ ವರ್ಷ, ತಿಂಗಳು, ದಿನವನ್ನು ಬೇರೆ ಬೇರೆಯಾಗಿ ಪಡೆದು ಜೋಡಿಸಿಕೊಳ್ಳಿ. ಜಾವಾಸ್ಕ್ರಿಪ್ಟ್ ತಿಂಗಳುಗಳನ್ನು ಸೊನ್ನೆಯಿಂದ ಎಣಿಸುವುದರಿಂದ ತಿಂಗಳಿಗೆ ಒಂದು ಕೂಡಿಸುವುದನ್ನು ಮರೆಯಬೇಡಿ. ಪರೀಕ್ಷಿಸಲು ನಸುಕಿನಲ್ಲಿ ಏಳಬೇಕಿಲ್ಲ, ಲ್ಯಾಪ್‌ಟಾಪಿನ ಗಡಿಯಾರವನ್ನು ಕೈಯಿಂದ ಬೆಳಗಿನ ಐದು ಗಂಟೆಗೆ ಇಟ್ಟು ನೋಡಿದರೆ ಸಾಕು.

90.6ರ ಗುಟ್ಟು ಇನ್ನೂ ಸ್ವಾರಸ್ಯಕರವಾಗಿದೆ. ಇನ್‌ಪುಟ್ ಪೆಟ್ಟಿಗೆಯಿಂದ ಬರುವ ಮೌಲ್ಯ, ಅದರ ಬಗೆಯನ್ನು ನೀವು ‘ನಂಬರ್’ ಎಂದು ಬರೆದಿದ್ದರೂ, ಜಾವಾಸ್ಕ್ರಿಪ್ಟಿನ ಕೈಗೆ ಪಠ್ಯವಾಗಿಯೇ ಸಿಗುತ್ತದೆ. ಎರಡು ಪಠ್ಯಗಳ ನಡುವೆ ಕೂಡುವ ಚಿಹ್ನೆ ಹಾಕಿದರೆ ಅವು ಅಂಟಿಕೊಳ್ಳುತ್ತವೆ: ‘1.5’ರ ಹಿಂದೆ ‘1’ ಬಂದು ‘1.51’ ಆಗುತ್ತದೆ. ಆದರೆ ಗುಣಿಸುವ ಚಿಹ್ನೆ ಪಠ್ಯವನ್ನು ತಾನಾಗಿಯೇ ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತದೆ, ಆದ್ದರಿಂದ 1.51ನ್ನು 60ರಿಂದ ಗುಣಿಸಿ 90.6 ಎಂದು ಉತ್ತರ ಬರುತ್ತದೆ. ಎರರ್ ಬರುವ ಕೋಡಿಗಿಂತ ಹೀಗೆ ನಂಬುವಂಥ ತಪ್ಪು ಉತ್ತರ ಕೊಡುವ ಕೋಡು ಹೆಚ್ಚು ಅಪಾಯಕಾರಿ. ಪೆಟ್ಟಿಗೆಯಿಂದ ಓದಿದ ಸ್ಥಳದಲ್ಲಿಯೇ ‘ನಂಬರ್’ ಕಾರ್ಯದ ಮೂಲಕ ಪರಿವರ್ತಿಸಿಕೊಳ್ಳಿ, ಆದರೆ ಪರಿವರ್ತಿಸುವ ಮೊದಲು ಪೆಟ್ಟಿಗೆ ಖಾಲಿಯಿದೆಯೇ ಎಂದು ಬೇರೆಯಾಗಿ ಕೇಳಿಕೊಳ್ಳಿ. ಖಾಲಿ ಪಠ್ಯವನ್ನು ಆ ಕಾರ್ಯ ಸೊನ್ನೆ ಎಂದೇ ತಿಳಿಯುವುದರಿಂದ, ಆ ಹೊತ್ತು ಹಾಲು ಹಾಕಲಿಲ್ಲ ಎಂಬುದಕ್ಕೂ ಬರೆಯಲು ಮರೆತರು ಎಂಬುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ತಿಂಗಳ ಕೊನೆಗೆ ಗಿರಾಕಿಯೊಂದಿಗೆ ಮಾತಿಗೆ ಮಾತು ಬೆಳೆಯುವುದು ಇಂಥಲ್ಲಿಯೇ. ಪಠ್ಯದ ಪೆಟ್ಟಿಗೆ ಇಟ್ಟು ಯಾರಾದರೂ ಕನ್ನಡ ಅಂಕಿಯಲ್ಲಿ ‘೨’ ಎಂದು ತುಂಬಿದರೆ ‘ನಂಬರ್’ ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ, ಅದಕ್ಕೂ ಒಂದು ಪರಿವರ್ತನೆ ಬರೆದಿಡುವುದು ಒಳ್ಳೆಯದು.

ಜೊತೆಗೆ, ಲೀಟರನ್ನು ಮಿಲಿಲೀಟರಿನಲ್ಲಿ, ರೂಪಾಯಿಯನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಂಡು ತೋರಿಸುವಾಗ ಮಾತ್ರ ಭಾಗಿಸಿ. ಜಾವಾಸ್ಕ್ರಿಪ್ಟಿನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ಏಕೆಂದರೆ ಈ ದಶಮಾಂಶಗಳನ್ನು ಎರಡರ ಪದ್ಧತಿಯಲ್ಲಿ ನಿಖರವಾಗಿ ಬರೆಯಲು ಬರುವುದಿಲ್ಲ. ಅರ್ಧ ಮತ್ತು ಕಾಲು ನಿಖರವಾಗಿಯೇ ಕೂರುವುದರಿಂದ ಕಾಲು ಲೀಟರ್, ಅರ್ಧ ಲೀಟರ್ ಹಾಲಿನಲ್ಲಿ ಈ ದೋಷ ನಿಮಗೆ ಕಂಡಿಲ್ಲ. ಮುಂದೆ ತುಪ್ಪ, ಬೆಣ್ಣೆ ಸೇರಿಸಿದರೆ ಕಾಣುತ್ತದೆ.

ಸಾಲು ಅಳಿಸಿದರೂ ಮೊತ್ತ ಹಾಗೆಯೇ ಉಳಿಯುವ ಮೂರನೆಯ ತೊಂದರೆಯೇ ನಿಜವಾದ ಪಾಠ ಎಂದು ನನ್ನ ಅಭಿಪ್ರಾಯ. ನಿಮ್ಮ ಕೋಡು ಮೊತ್ತ ಕೂಡಿಸುವಾಗ ಪರದೆಯ ಮೇಲಿನ ಕೋಷ್ಟಕದ ಮನೆಗಳಲ್ಲಿ ಬರೆದ ಅಂಕಿಗಳನ್ನು ಓದಿಕೊಳ್ಳುತ್ತದೆ, ಅಳಿಸುವಾಗ ಒಂದು ಸಾಲನ್ನು ಪರದೆಯಿಂದ ತೆಗೆಯುತ್ತದೆ, ಉಳಿಸುವಾಗ ಬೇರೆಯದೇ ಪಟ್ಟಿಯನ್ನು ಉಳಿಸುತ್ತದೆ. ಒಂದೇ ಲೆಕ್ಕ ಮೂರು ಕಡೆ ಇದ್ದರೆ ಮೂರೂ ಒಂದಲ್ಲ ಒಂದು ದಿನ ಬೇರೆ ಬೇರೆ ಮಾತಾಡುತ್ತವೆ. ಅಂಗಡಿಯಲ್ಲಿ ಕಿರ್ದಿ ಒಂದೇ ಇರುತ್ತದೆ; ಗೋಡೆಯ ಹಲಗೆಯ ಮೇಲೆ ಬರೆದದ್ದು ಗಿರಾಕಿಗೆ ತೋರಿಸಲಿಕ್ಕೆ, ಹಲಗೆ ನೋಡಿ ಕಿರ್ದಿ ಬರೆಯುವ ಪದ್ಧತಿ ಎಲ್ಲಿಯೂ ಇಲ್ಲ. ಹಾಗೆಯೇ ಎಲ್ಲ ದಾಖಲೆಗಳಿಗೆ ಒಂದೇ ಅರೇ, ಅಂದರೆ ಒಂದೇ ಪಟ್ಟಿ, ಇರಲಿ. ಸೇರಿಸುವುದು, ತಿದ್ದುವುದು, ಅಳಿಸುವುದು ಅದರಲ್ಲಿಯೇ ನಡೆಯಲಿ. ಪ್ರತಿ ಬದಲಾವಣೆಯ ನಂತರ ಅದನ್ನು ಉಳಿಸಿ, ಅದರಿಂದಲೇ ಪರದೆಯನ್ನು ಹೊಸದಾಗಿ ಬರೆಯುವ ಒಂದೇ ಕಾರ್ಯವನ್ನು ಕರೆಯಿರಿ. ಪ್ರತಿ ಸಲ ಇಡೀ ಕೋಷ್ಟಕ ಬರೆದರೆ ನಿಧಾನವಾದೀತು ಎಂಬ ಹಿಂಜರಿಕೆ ಬೇಡ, ಕೆಲವು ನೂರು ಸಾಲುಗಳು ಇಂದಿನ ಸಾಮಾನ್ಯ ಫೋನಿಗೂ ಭಾರವಲ್ಲ. ಗಿರಾಕಿಯ ಹೆಸರನ್ನು ಪರದೆಗೆ ಹಾಕುವಾಗ ‘ಇನ್ನರ್ ಎಚ್‌ಟಿಎಂಎಲ್’ ಬದಲು ‘ಟೆಕ್ಸ್ಟ್ ಕಂಟೆಂಟ್’ ಬಳಸಿ. ಬಳಸುವವರು ತುಂಬಿದ ಪಠ್ಯವನ್ನು ಬ್ರೌಸರ್ ಕೋಡೆಂದು ಭಾವಿಸಿ ನಡೆಸುವ ಸಂಭವ ಆಗ ಇರುವುದಿಲ್ಲ.

ಪ್ರಶ್ನೆ: ಬಟನ್ ಒತ್ತಿದ ಕೂಡಲೇ ಪುಟ ಮತ್ತೆ ಲೋಡ್ ಆಗಿ ತುಂಬಿದ್ದೆಲ್ಲ ಹೋಗುತ್ತದೆ. ದೋಷ ತೋರಿಸುವ ಬ್ರೌಸರಿನ ಕನ್ಸೋಲಿನಲ್ಲಿ ಎರರ್ ಏನೂ ಇಲ್ಲ. (ಮುಧೋಳದ ವಿದ್ಯಾರ್ಥಿ)

ಉತ್ತರ: ಫಾರ್ಮ್‌ನ ಒಳಗಿರುವ ಬಟನ್ನಿಗೆ ಬಗೆಯನ್ನು ಹೇಳದಿದ್ದರೆ ಬ್ರೌಸರ್ ಅದನ್ನು ‘ಸಬ್‌ಮಿಟ್’ ಎಂದೇ ತಿಳಿದು ಫಾರ್ಮ್ ಅನ್ನು ಸರ್ವರಿಗೆ ಕಳಿಸಲು ಹೊರಡುತ್ತದೆ. ಬಟನ್ನಿನ ಕ್ಲಿಕ್ ಬದಲು ಫಾರ್ಮ್‌ನ ಸಬ್‌ಮಿಟ್ ಘಟನೆಯನ್ನು ಆಲಿಸಿ, ಮೊದಲ ಸಾಲಿನಲ್ಲಿಯೇ ‘ಪ್ರಿವೆಂಟ್ ಡಿಫಾಲ್ಟ್’ ಕರೆಯಿರಿ. ಪುಟ ಮತ್ತೆ ಲೋಡ್ ಆಗುವುದನ್ನು ಅದು ತಡೆಯುತ್ತದೆ. ಹೀಗೆ ಮಾಡಿದರೆ ಕೀಲಿಮಣೆಯಲ್ಲಿ ಎಂಟರ್ ಒತ್ತುವವರಿಗೂ ಆ್ಯಪ್ ಸರಿಯಾಗಿ ನಡೆಯುತ್ತದೆ.

ಪ್ರಶ್ನೆ: ನಾವು ತಿಕೋಟಾದ ಕಡೆಯವರು. ಒಣದ್ರಾಕ್ಷಿ ಶೆಡ್ಡಿನಲ್ಲಿ ಯಾವ ರ‍್ಯಾಕಿಗೆ ಯಾವ ದಿನ ಹಣ್ಣು ಹಾಕಿದೆವು, ಎಷ್ಟು ಕಿಲೊ ಹಾಕಿದೆವು ಎಂಬುದನ್ನು ಬರೆದಿಡುವ ಆ್ಯಪ್ ಮಾಡಿದ್ದೇನೆ. ಮಾಹಿತಿಯನ್ನು ಲೋಕಲ್ ಸ್ಟೋರೇಜಿನಲ್ಲಿ ಇಟ್ಟಿದ್ದೇನೆ. ವಿಜಯಪುರದ ರೂಮಿನಲ್ಲಿ ಲ್ಯಾಪ್‌ಟಾಪಿನಲ್ಲಿ ತುಂಬಿದ್ದು, ಪುಟಗಳನ್ನು ಅಂತರ್ಜಾಲದಲ್ಲಿ ಇಡುವ ಸೇವೆಯಾದ ಗಿಟ್‌ಹಬ್ ಪೇಜಸ್‌ಗೆ ಏರಿಸಿದ ಮೇಲೆ ಕಾಣಲಿಲ್ಲ, ಅಣ್ಣನ ಫೋನಿನಲ್ಲಿಯೂ ಕಾಣಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಮೊದಲಿನ ಅಸೈನ್‌ಮೆಂಟಿನ ಕೆಲಸಗಳ ಪಟ್ಟಿ ಈ ಆ್ಯಪಿನಲ್ಲಿ ಬಂದು ಕೂತಿದೆ!

ಉತ್ತರ: ಲೋಕಲ್ ಸ್ಟೋರೇಜ್ ಇರುವುದು ಆ ಸಾಧನದ ಆ ಬ್ರೌಸರಿನೊಳಗೆ ಮಾತ್ರ, ಅದೂ ಒಂದೊಂದು ‘ಆರಿಜಿನ್’ಗೆ ಬೇರೆ ಬೇರೆಯಾಗಿ. ಪ್ರೊಟೊಕಾಲ್, ಹೋಸ್ಟಿನ ಹೆಸರು, ಪೋರ್ಟ್ ಈ ಮೂರೂ ಸೇರಿ ಒಂದು ಆರಿಜಿನ್ ಆಗುತ್ತದೆ. ಲ್ಯಾಪ್‌ಟಾಪಿನಲ್ಲಿ ಲೈವ್ ಸರ್ವರ್ ಮೂಲಕ ತೆರೆದ ವಿಳಾಸ ಒಂದು ಆರಿಜಿನ್, ಗಿಟ್‌ಹಬ್ ಪೇಜಸ್‌ನ ವಿಳಾಸ ಇನ್ನೊಂದು. ‘ಲೋಕಲ್‌ಹೋಸ್ಟ್’ ಎಂದು ತೆರೆದದ್ದೂ 127.0.0.1 ಎಂದು ತೆರೆದದ್ದೂ ಕೂಡ ಪರಸ್ಪರ ಬೇರೆಯೇ. ಅಣ್ಣನ ಫೋನಿಗೆ ಮಾಹಿತಿ ಹೋಗಲು ದಾರಿಯೇ ಇರಲಿಲ್ಲ.

ಹಳೆಯ ಪಟ್ಟಿ ಬಂದು ಕೂತದ್ದಕ್ಕೂ ಕಾರಣ ಇದೇ. ಗಿಟ್‌ಹಬ್ ಪೇಜಸ್‌ನಲ್ಲಿ ಒಬ್ಬರ ಪ್ರಾಜೆಕ್ಟುಗಳೆಲ್ಲ ಸಾಮಾನ್ಯವಾಗಿ ಒಂದೇ ಹೋಸ್ಟಿನ ಅಡಿಯಲ್ಲಿ ಬೇರೆ ಬೇರೆ ಫೋಲ್ಡರುಗಳಂತೆ ಇರುತ್ತವೆ, ಹೀಗಾಗಿ ಅವುಗಳ ಆರಿಜಿನ್ ಒಂದೇ. ಎರಡೂ ಆ್ಯಪುಗಳಲ್ಲಿ ನೀವು ಮಾಹಿತಿ ಇಡುವ ಕೀಲಿಯ ಹೆಸರನ್ನು ‘ಡೇಟಾ’ ಎಂದೇ ಇಟ್ಟಿರಬೇಕು. ‘ದ್ರಾಕ್ಷಿ-ಶೆಡ್-ರ‍್ಯಾಕ್’ ಎನ್ನುವಂಥ ಸ್ಪಷ್ಟ ಹೆಸರು ಇಡಿ. ಲೋಕಲ್ ಸ್ಟೋರೇಜ್ ಪಠ್ಯವನ್ನು ಮಾತ್ರ ಇಟ್ಟುಕೊಳ್ಳುವುದರಿಂದ ಅರೇಯನ್ನು ಜೇಸನ್ ಎಂಬ ಪಠ್ಯರೂಪಕ್ಕೆ ಬದಲಿಸಿಯೇ ಇಡಬೇಕು, ಓದುವಾಗ ಮರಳಿ ಬದಲಿಸಬೇಕು. ಮೊದಲ ಸಲ ತೆರೆದಾಗ ಅಲ್ಲಿ ಏನೂ ಇರುವುದಿಲ್ಲ, ‘ನಲ್’ ಸಿಗುತ್ತದೆ. ಆಗ ಖಾಲಿ ಅರೇಯನ್ನು ಕೊಡುವ ಸಾಲು ಇರದಿದ್ದರೆ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನಡೆಯುವ ಆ್ಯಪ್ ಪರೀಕ್ಷಕರ ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ಎರರ್ ತೋರಿಸಿ ನಿಂತುಬಿಡುತ್ತದೆ. ಒಪ್ಪಿಸುವ ಮೊದಲು, ಹಳೆಯ ಮಾಹಿತಿ ಕಾಣದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ ತೆರೆದು ನೋಡಿ.

ಸ್ಥಳಾವಕಾಶದ ಚಿಂತೆ ಬೇಡ. ಒಂದು ಆರಿಜಿನ್‌ಗೆ ಸುಮಾರು 5 ಎಂಬಿ ಸಿಗುತ್ತದೆ, ರ‍್ಯಾಕುಗಳ ಲೆಕ್ಕಕ್ಕೆ ಅದು ಧಾರಾಳವಾಯಿತು. ಚಿಂತಿಸಬೇಕಾದದ್ದು, ಯಾರಾದರೂ ಬ್ರೌಸರಿನ ಡೇಟಾ ತೆರವುಗೊಳಿಸಿದರೆ ಇಡೀ ಸೀಸನ್ನಿನ ಲೆಕ್ಕ ಹೋಗುತ್ತದೆ ಎಂಬುದನ್ನು. ಆದ್ದರಿಂದ ಎಲ್ಲ ದಾಖಲೆಗಳನ್ನು ಒಂದು ಜೇಸನ್ ಫೈಲಾಗಿ ಇಳಿಸಿಕೊಳ್ಳುವ ಬಟನ್ ಒಂದನ್ನು, ಆ ಫೈಲನ್ನು ಮರಳಿ ತುಂಬುವ ಬಟನ್ ಇನ್ನೊಂದನ್ನು ಸೇರಿಸಿ. ಅಣ್ಣನಿಗೆ ಆ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅವರ ಫೋನಿನಲ್ಲಿಯೂ ಲೆಕ್ಕ ತೆರೆಯುತ್ತದೆ. ಇಬ್ಬರೂ ಏಕಕಾಲಕ್ಕೆ ಬರೆಯಬೇಕೆಂದರೆ ಸರ್ವರ್ ಮತ್ತು ಡೇಟಾಬೇಸ್ ಬೇಕೇ ಬೇಕು. ಅದನ್ನು ಈ ಕೋರ್ಸಿನ ಪ್ರಾಜೆಕ್ಟಿಗೆ ತುರುಕಬೇಡಿ.

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ಕೋರ್ಸಿಗಾಗಿ ನಮ್ಮ ಸೀರೆಗಳ ಕ್ಯಾಟಲಾಗ್ ಪುಟ ಮಾಡಿದೆ. ದಡಿಯ ಹೆಸರಿನ ಬಟನ್ ಒತ್ತಿದರೆ ಆ ಸೀರೆಗಳಷ್ಟೇ ಕಾಣುತ್ತವೆ. ‘ಚಿಕ್ಕಿ ಪರಾಸ’ ಎಂಬ ಬಟನ್ನಿನಲ್ಲಿ ಒತ್ತಕ್ಷರ ಕೆಳಗೆ ಕತ್ತರಿಸಿದಂತೆ ಕಾಣುತ್ತದೆ. ಅಂಗಡಿಯ ಹಳೆಯ ‘ನುಡಿ’ ತಂತ್ರಾಂಶದ ಫೈಲಿನಿಂದ ನಕಲಿಸಿದ ವಿವರಣೆಗಳು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಬರುತ್ತವೆ. ಫೋನಿನಲ್ಲಿ ಪುಟ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ.

ಉತ್ತರ: ಪಾಠದ ಉದಾಹರಣೆಗಳು ಇಂಗ್ಲಿಷ್ ಅಕ್ಷರಗಳ ಎತ್ತರ ನೋಡಿ ಬರೆದವುಗಳು. ಬಟನ್ನಿಗೆ ಎತ್ತರವನ್ನು ಪಿಕ್ಸೆಲ್‌ಗಳಲ್ಲಿ ಕಟ್ಟಿ, ಸಾಲಿನ ಎತ್ತರವನ್ನು 1 ಎಂದು ಇಟ್ಟು, ಉಕ್ಕಿದ್ದನ್ನು ಮರೆಮಾಡು ಎಂದು ಸಿಎಸ್‌ಎಸ್‌ನಲ್ಲಿ ಬರೆದರೆ ಕನ್ನಡದ ಒತ್ತಿಗೆ ಕೆಳಗೆ ಜಾಗವೇ ಉಳಿಯುವುದಿಲ್ಲ. ಎತ್ತರ ಕಟ್ಟುವುದನ್ನು ಬಿಟ್ಟು ಮೇಲೆ ಕೆಳಗೆ ಪ್ಯಾಡಿಂಗ್ ಕೊಡಿ, ಸಾಲಿನ ಎತ್ತರ 1.6ರ ಆಸುಪಾಸಿನಲ್ಲಿರಲಿ, ಪುಟದ ಭಾಷೆಯನ್ನು ‘ಕೆಎನ್’ ಎಂದು ನಮೂದಿಸಿ. ಕಾರ್ಡಿನಲ್ಲಿ ವಿವರಣೆಯನ್ನು ಮೊದಲ ಇಷ್ಟು ಅಕ್ಷರಗಳಿಗೆ ಕತ್ತರಿಸುವ ಕೋಡು ನಿಮ್ಮಲ್ಲಿ ಇದ್ದರೆ ಅದನ್ನೂ ತೆಗೆಯಿರಿ. ನಾವು ನಾಲ್ಕು ಅಕ್ಷರವೆಂದು ಎಣಿಸುವ ‘ಬೆಳಗಾವಿ’ಯ ಉದ್ದವನ್ನು ಜಾವಾಸ್ಕ್ರಿಪ್ಟ್ ಏಳು ಎಂದು ಹೇಳುತ್ತದೆ, ಏಕೆಂದರೆ ಕಾಗುಣಿತದ ಚಿಹ್ನೆಗಳನ್ನೂ ಅದು ಬೇರೆಯಾಗಿ ಎಣಿಸುತ್ತದೆ, ಸಿಕ್ಕಲ್ಲಿ ಕತ್ತರಿಸಿದರೆ ‘ಚಿಕ್ಕಿ’ ಎಂಬುದು ‘ಚಿಕ್’ ಎಂದು ನಿಂತೀತು. ಮೂರು ಚುಕ್ಕಿ ಹಾಕಿ ಮೊಟಕುಗೊಳಿಸುವ ಕೆಲಸವನ್ನು ಸಿಎಸ್‌ಎಸ್‌ಗೇ ಬಿಡಿ.

ಹಳೆಯ ನುಡಿ ಫೈಲುಗಳಲ್ಲಿ ಕನ್ನಡವು ಯೂನಿಕೋಡ್ ಆಗಿರದೆ, ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ರೂಪ ತೋರಿಸುವ ಫಾಂಟ್ ಆಗಿರುತ್ತದೆ. ಆ ಫಾಂಟ್ ಇಲ್ಲದ ಬ್ರೌಸರ್ ಸಂಕೇತಗಳನ್ನು ಇದ್ದಂತೆಯೇ ತೋರಿಸುತ್ತದೆ. ಪುಟಕ್ಕೆ ಆ ಫಾಂಟನ್ನು ಜೋಡಿಸಿ ಕಾಣುವಂತೆ ಮಾಡುವ ಉಪಾಯಕ್ಕೆ ಹೋಗಬೇಡಿ. ಹುಡುಕಾಟವೂ ವಿಂಗಡಣೆಯೂ ಕೆಡುತ್ತವೆ. ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒತ್ತಕ್ಷರ ಮತ್ತು ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಾರೆ ಓದಿ ತಿದ್ದಿ.

ನಿಧಾನಕ್ಕೆ ಕಾರಣ ಚಿತ್ರಗಳೇ ಇರಬೇಕು. ಫೋನಿನಿಂದ ತೆಗೆದ ಫೋಟೊ ಹಲವು ಎಂಬಿ ತೂಗುತ್ತದೆ, ಅಂಥವನ್ನು ಸಾಲಾಗಿ ಇಟ್ಟರೆ ಪುಟ ತೆರೆಯುವುದು ಹೇಗೆ? ಕ್ಯಾಟಲಾಗಿನಲ್ಲಿ ಸುಮಾರು 800 ಪಿಕ್ಸೆಲ್ ಅಗಲದ ಪ್ರತಿ ಸಾಕು. ಸೆರಗಿನ ತೋಪು ತೆನಿ ವಿನ್ಯಾಸವನ್ನು ಹತ್ತಿರದಿಂದ ನೋಡಬಯಸುವವರು ಒತ್ತಿದಾಗ ಮಾತ್ರ ದೊಡ್ಡದು ತೆರೆಯಲಿ. ಚಿತ್ರಗಳಿಗೆ ‘ಲೋಡಿಂಗ್ ಲೇಜಿ’ ಹಾಕಿ, ಅವು ಪರದೆಯ ಹತ್ತಿರ ಬಂದಾಗ ಮಾತ್ರ ಇಳಿಯುತ್ತವೆ. ಅಗಲ ಎತ್ತರವನ್ನೂ ನಮೂದಿಸಿ. ಆಗ ಓದುತ್ತಿರುವಾಗಲೇ ಪುಟ ಮೇಲೆ ಕೆಳಗೆ ಜಿಗಿಯುವುದು ನಿಲ್ಲುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಕಾಣುವ ಚಿತ್ರಗಳೂ ಸಿಎಸ್‌ಎಸ್‌ ಕೂಡ ಗಿಟ್‌ಹಬ್ ಪೇಜಸ್‌ನಲ್ಲಿ ಕಾಣುವುದಿಲ್ಲ. (ಬೆಳಗಾವಿಯ ವಿದ್ಯಾರ್ಥಿನಿ)

ಉತ್ತರ: ಎರಡು ಕಡೆ ನೋಡಿ. ವಿಂಡೋಸ್‌ಗೆ ಕಡತದ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ಭೇದ ಸಾಮಾನ್ಯವಾಗಿ ಇಲ್ಲ, ಗಿಟ್‌ಹಬ್ ಪೇಜಸ್‌ಗೆ ಇದೆ. ಕ್ಯಾಮೆರಾ ದೊಡ್ಡಕ್ಷರಗಳಲ್ಲಿ ‘ಜೆಪಿಜಿ’ ಎಂದು ಹೆಸರಿಟ್ಟಿದ್ದು ಕೋಡಿನಲ್ಲಿ ಚಿಕ್ಕಕ್ಷರಗಳಿದ್ದರೆ ಚಿತ್ರ ಸಿಗುವುದಿಲ್ಲ. ಎರಡನೆಯದಾಗಿ, ವಿಳಾಸವನ್ನು ಓರೆಗೆರೆಯಿಂದ ಆರಂಭಿಸಿದರೆ ಬ್ರೌಸರ್ ಹೋಸ್ಟಿನ ಬುಡದಿಂದ ಹುಡುಕುತ್ತದೆ. ನಿಮ್ಮ ಪ್ರಾಜೆಕ್ಟ್ ಇರುವುದು ಅದರ ಒಳಗಿನ ಫೋಲ್ಡರಿನಲ್ಲಿ. ಮುಂದಿನ ಓರೆಗೆರೆ ತೆಗೆದು ಸಾಪೇಕ್ಷ ವಿಳಾಸ ಬರೆಯಿರಿ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಯಾವ ಕಡತಕ್ಕೆ 404, ಅಂದರೆ ‘ಸಿಗಲಿಲ್ಲ’ ಎಂಬ ಸಂಕೇತ, ಬಂದಿದೆ ಎಂದು ನೋಡಿದರೆ ಊಹಿಸುವ ಶ್ರಮವೂ ಉಳಿಯುತ್ತದೆ.

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಗೆಳೆಯರೆಲ್ಲ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದಾರೆ. ಬರಿಯ ಜಾವಾಸ್ಕ್ರಿಪ್ಟಿನಲ್ಲಿ ಮಾಡಿದರೆ ಕೆಲಸಕ್ಕೆ ಅರ್ಜಿ ಹಾಕುವಾಗ ಬೆಲೆ ಇರುತ್ತದೆಯೇ?

ಉತ್ತರ: ಫೇಸ್‌ಬುಕ್ 2013ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ರಿಯಾಕ್ಟ್‌ನ ಬಳಕೆ ಈಗ ವ್ಯಾಪಕವಾಗಿರುವುದರಿಂದ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಆ್ಯಪ್ ಅದರಲ್ಲಿಯೇ ಆಗಬೇಕೆಂದಿಲ್ಲ. ಜಮಖಂಡಿಯ ಓದುಗರಿಗೆ ಮೇಲೆ ಹೇಳಿದ ಕ್ರಮವನ್ನು, ಅಂದರೆ ಮಾಹಿತಿ ಒಂದೆಡೆ ಇದ್ದು ಪರದೆ ಅದರಿಂದ ಹುಟ್ಟುವುದನ್ನು, ರಿಯಾಕ್ಟ್ ನಿಯಮವನ್ನಾಗಿ ಮಾಡಿಕೊಂಡಿದೆ. ಅದನ್ನು ಕೈಯಾರೆ ಬರೆದವರಿಗೆ ‘ಸ್ಟೇಟ್’ (ಆ್ಯಪ್ ಸದ್ಯ ಹಿಡಿದಿರುವ ಮಾಹಿತಿ) ಎಂದರೇನು ಎಂದು ಪ್ರತ್ಯೇಕವಾಗಿ ಹೇಳಬೇಕಾಗುವುದಿಲ್ಲ. ಬರೆಯದೆ ಹಾರಿದವರು, ಸ್ಟೇಟ್‌ನಲ್ಲಿರುವ ಅರೇಗೆ ಹೊಸ ಅಂಶವನ್ನು ‘ಪುಶ್’ ಮಾಡಿ ಅದೇ ಅರೇಯನ್ನು ಮರಳಿ ಕೊಟ್ಟು, ಪರದೆ ಏಕೆ ಬದಲಾಗಲಿಲ್ಲ ಎಂದು ಸಂಜೆಯವರೆಗೆ ಹುಡುಕುತ್ತಾರೆ. ಹೊಸ ಅರೇ ಕೊಟ್ಟರೆ ಮಾತ್ರ ಬದಲಾವಣೆಯಾಗಿದೆ ಎಂದು ರಿಯಾಕ್ಟ್‌ಗೆ ತಿಳಿಯುತ್ತದೆ. ಒಂದೇ ಆ್ಯಪನ್ನು ಮೊದಲು ಬರಿಯ ಜಾವಾಸ್ಕ್ರಿಪ್ಟಿನಲ್ಲಿ ಮುಗಿಸಿ, ನಂತರ ರಿಯಾಕ್ಟ್‌ಗೆ ತನ್ನಿ. ಸಂದರ್ಶನದಲ್ಲಿ ಎರಡನ್ನೂ ಹೋಲಿಸಿ ಮಾತಾಡಲು ಬರುವ ಅಭ್ಯರ್ಥಿಯನ್ನು, ವಿಡಿಯೊ ನೋಡಿ ಶಾಪಿಂಗ್ ಸೈಟಿನ ನಕಲು ಮಾಡಿದ ಅಭ್ಯರ್ಥಿಗಿಂತ ಹೆಚ್ಚು ಗಂಭೀರವಾಗಿ ಪರಿಗಣಿಸಬೇಕೆಂದು ನಾನಂತೂ ಹೇಳುತ್ತೇನೆ.

ಪ್ರಶ್ನೆ: ಹವಾಮಾನ ತೋರಿಸುವ ಆ್ಯಪಿಗೆ ಎಪಿಐ ಕೀ, ಅಂದರೆ ಹವಾಮಾನ ಸೇವೆಯವರು ಕೊಡುವ ಗುಪ್ತ ಸಂಕೇತ, ಬೇಕು. ಅದನ್ನು ಕೋಡಿನಲ್ಲಿ ಬಚ್ಚಿಡುವುದು ಹೇಗೆ? (ಗೋಕಾಕದ ಓದುಗರು)

ಉತ್ತರ: ಬ್ರೌಸರಿಗೆ ಹೋದ ಕೋಡಿನಲ್ಲಿ ಯಾವುದನ್ನೂ ಬಚ್ಚಿಡಲು ಆಗುವುದಿಲ್ಲ. ಬೇರೆ ಕಡತದಲ್ಲಿ ಇಟ್ಟರೂ, ಎನ್ವಿರಾನ್ಮೆಂಟ್ ಕಡತದಲ್ಲಿ ಇಟ್ಟು ಬಿಲ್ಡ್ ಮಾಡಿದರೂ ಕೊನೆಗೆ ಅದು ಪುಟದೊಳಗೇ ಬಂದು ಸೇರುತ್ತದೆ, ನೆಟ್‌ವರ್ಕ್ ವಿಭಾಗ ತೆರೆದವರಿಗೆಲ್ಲ ಕಾಣುತ್ತದೆ. ಕೋರ್ಸಿನ ಪ್ರಾಜೆಕ್ಟಿಗೆ ಕೀ ಕೇಳದ ಸೇವೆಯನ್ನು ಆರಿಸಿಕೊಳ್ಳಿ. ಇಲ್ಲವೇ ಉಚಿತ ಕೀ ಪಡೆದು, ಆ ಸೇವೆಯಲ್ಲಿ ಸೌಲಭ್ಯವಿದ್ದರೆ ನಿಮ್ಮ ಸೈಟಿನ ವಿಳಾಸಕ್ಕೆ ಮಾತ್ರ ಅದು ನಡೆಯುವಂತೆ ನಿರ್ಬಂಧಿಸಿ. ಹಣ ಕಟ್ಟುವ ಕೀ ಆದರೆ ನಡುವೆ ನಿಮ್ಮದೇ ಸರ್ವರ್ ಇರಲೇಬೇಕು. ಈಗಾಗಲೇ ಕೀಯನ್ನು ಗಿಟ್‌ಹಬ್‌ನ ಸಾರ್ವಜನಿಕ ರೆಪೊಸಿಟರಿಗೆ ಏರಿಸಿಬಿಟ್ಟಿದ್ದರೆ, ಆ ಸಾಲನ್ನು ಅಳಿಸಿ ಹೊಸ ಕಮಿಟ್ (ಬದಲಾವಣೆಯ ದಾಖಲೆ) ಮಾಡಿದರೆ ಸಾಲದು, ಹಳೆಯ ಕಮಿಟ್‌ನಲ್ಲಿ ಅದು ಹಾಗೆಯೇ ಉಳಿದಿರುತ್ತದೆ. ಸೇವೆಯವರ ಪುಟಕ್ಕೆ ಹೋಗಿ ಆ ಕೀಯನ್ನು ರದ್ದುಗೊಳಿಸಿ ಹೊಸದನ್ನು ಪಡೆಯಿರಿ.